ಎಸ್ಕೇಪ್ ಕೀ ಮೇಲಿನ ಬೆರಳು

ತಂಗಿ ಬದುಕಿದ್ದಾಳೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ನಾನು ವರ್ಷಗಟ್ಟಲೆ ಕಾದೆ. ನನ್ನ ತಂಗಿಯಲ್ಲ, ನನಗೆ ತಂಗಿಯೇ ಇಲ್ಲ. ಒಂದು ಕಂಪ್ಯೂಟರ್ ಆಟದ ನಾಯಕನ ತಂಗಿ. ಆಟದ ಮೊದಲ ಭಾಗದ ಕೊನೆಯಲ್ಲಿ ಆಕಾಶನೌಕೆ ಒಡೆಯುತ್ತದೆ, ಅಣ್ಣ ಪಾರಾಗುತ್ತಾನೆ, ತಂಗಿ ಮುಚ್ಚಿದ ಬಾಗಿಲಿನ ಆಚೆ ಉಳಿಯುತ್ತಾಳೆ. ಅಲ್ಲಿಗೆ ಪರದೆ ಕಪ್ಪು. ಪಿಯುಸಿಯಲ್ಲಿದ್ದಾಗ ಸೋದರಮಾವನ ಮನೆಯಲ್ಲಿ ಅದನ್ನು ಮುಗಿಸಿದ ದಿನ ನನಗೆ ಊಟ ಸೇರಲಿಲ್ಲ.

ಎರಡನೆಯ ಭಾಗಕ್ಕೆ ದೊಡ್ಡ ಸಿನಿಮಾಕ್ಕೆ ಸುರಿಯುವಷ್ಟು ದುಡ್ಡು ಸುರಿಯುತ್ತಿದ್ದಾರೆ ಎಂದು ಪತ್ರಿಕೆಗಳು ಬರೆದವು. ಮಣಿಪಾಲದ ಪುಸ್ತಕದಂಗಡಿಯಲ್ಲಿ ಅವನ್ನು ನಿಂತೇ ಓದುತ್ತಿದ್ದೆ, ಅಂಗಡಿಯವರು ಕೆಮ್ಮಿದರೆ ಮಡಚಿಡುತ್ತಿದ್ದೆ. ಎರಡು ಚಂದ್ರರಿರುವ ಹಿಮದ ಗ್ರಹವೊಂದರ ಚಿತ್ರ ನೋಡಿ ನೋಡಿ, ಅಲ್ಲಿನ ಗುಡ್ಡಗಳು ಉಚ್ಚಿಲದ ನಮ್ಮ ಓಣಿಗಿಂತ ಹೆಚ್ಚು ಪರಿಚಿತವಾಗಿದ್ದವು. ಇವತ್ತು ನಾಳೆ ಎನ್ನುತ್ತಾ ಆಟ ಬಂದಾಗ ನಾನು ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ.

ಅದನ್ನು ಓಡಿಸುವಂಥ ಕಂಪ್ಯೂಟರ್ ಇದ್ದದ್ದು ಕಾರ್ಕಳದ ನನ್ನ ಸಹಪಾಠಿಯ ಮನೆಯಲ್ಲಿ. ಬಟ್ಟೆ ಅಂಗಡಿ ಇಟ್ಟಿದ್ದ ಅವನ ಅಪ್ಪ, ಮಗ ಓದಲಿ ಎಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನೇ ಹಾಕಿಸಿಕೊಟ್ಟಿದ್ದರು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಅವನ ಮನೆಮಾತು ಕೊಂಕಣಿ, ನನ್ನದು ತುಳು. ಹಾಗಾಗಿ ನಮ್ಮ ಸ್ನೇಹ, ಜಗಳ ಎರಡೂ ಕನ್ನಡದಲ್ಲೇ.

ಭಾನುವಾರ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಅವನ ಮನೆಗೆ ಹೋದೆ. ಕುರ್ಚಿ ಅವನಿಗೆ, ಪಕ್ಕದ ಸ್ಟೂಲು ನನಗೆ. ಹಿಮದ ಮೇಲೆ ಆ ಎರಡು ಚಂದ್ರರು ಮೂಡಿದಾಗ ಮೈ ಜುಮ್ಮೆಂದಿತು. ಅಂಥ ಸುಖ ನನಗೆ ಯಾವ ದೇವಸ್ಥಾನದಲ್ಲೂ ಸಿಕ್ಕಿರಲಿಲ್ಲ. ಮುದುಕ ವಿಜ್ಞಾನಿಯೊಬ್ಬ ನಾಯಕನ ಹತ್ತಿರ ಬಂದು, ತಂಗಿಯ ವಿಷಯ ಹೇಳಲು ಬಾಯಿ ತೆರೆದ. ಗೆಳೆಯ ಎಸ್ಕೇಪ್ ಒತ್ತಿದ. ಮಾತು ಮಾಯವಾಗಿ ನೇರ ಯುದ್ಧ ಶುರುವಾಯಿತು.

“ಯಾಕೆ ಒತ್ತಿದ್ದು? ಅವ ಎಂತ ಹೇಳ್ತಾನೆ ಅಂತ ಕೇಳುವ.”

“ಭಾಷಣ ಯಾರಿಗೆ ಬೇಕು ಮಾರಾಯ? ಕಥೆ ಬೇಕಾದ್ರೆ ಯಕ್ಷಗಾನಕ್ಕೆ ಹೋಗು.”

ಮುಂದಿನ ಭಾನುವಾರಗಳೂ ಹಾಗೆಯೇ ಹೋದವು. ಯಾರಾದರೂ ಬಾಯಿ ತೆರೆದರೆ ಸಾಕು, ಅವನ ಬೆರಳು ಎಸ್ಕೇಪ್ ಮೇಲೆ. ನನಗೊಮ್ಮೆ ಆಡಲು ಕೊಡು ಎಂದರೆ, “ನೀನು ಆಡಿದ್ರೆ ಅಲ್ಲಲ್ಲಿ ನಿಂತು ಗೋಡೆ ನೋಡ್ತೀ, ನನಗೆ ನಿದ್ದೆ ಬರ್ತದೆ” ಎನ್ನುತ್ತಿದ್ದ. ಅವನ ಅಮ್ಮ ಕೊಟ್ಟ ಗೋಳಿಬಜೆಯ ಜೊತೆ ಸಿಟ್ಟನ್ನೂ ನುಂಗುತ್ತಿದ್ದೆ.

ಆಟ ಮುಗಿಯಲಿದ್ದ ಭಾನುವಾರ, “ಕೊನೆಯ ದೃಶ್ಯ ಒಂದನ್ನಾದ್ರೂ ಒತ್ತದೆ ಬಿಡು, ಕೈ ಮುಗೀತೇನೆ” ಎಂದೆ. “ಆಯ್ತು ಮಾರಾಯ” ಎಂದ. ಕೊನೆಯ ಯುದ್ಧ ಮುಗಿಯಿತು. ಮುಚ್ಚಿದ್ದ ಬಾಗಿಲು ತೆರೆಯಿತು. ಒಳಗೆ, ನಮಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕುಳಿತ ಒಂದು ಹೆಣ್ಣು. ಬದುಕಿದ್ದಾಳೋ, ಹೆಣವೋ? ಅಣ್ಣ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಪರದೆಯ ಮೇಲೆ ಆಟ ತಯಾರಿಸಿದವರ ಹೆಸರುಗಳು ಏರತೊಡಗಿದವು.

“ಛೆ, ಕೈ ತನ್ನಷ್ಟಕ್ಕೇ ಹೋಯ್ತು” ಎಂದು ಅವನು ನಕ್ಕ. “ಬರುವ ವಾರ ಇನ್ನೊಮ್ಮೆ ನೋಡುವ.”

ಮರುವಾರ ಹೋದರೆ ಪರದೆಯ ಮೇಲೆ ಕ್ರಿಕೆಟ್ ಆಟ. “ಅದು ಮುಗಿದದ್ದಲ್ವಾ? ಜಾಗ ಸಾಲದು ಅಂತ ತೆಗೆದೆ” ಎಂದ. ಸಿ.ಡಿ.ಯನ್ನೂ ಯಾರಿಗೋ ಕೊಟ್ಟಾಗಿತ್ತು.

ಕಾಲೇಜಿನಲ್ಲಿ ಆ ಆಟ ಮುಗಿಸಿದ ಶೂರ ಅವನೇ. ಕೊನೆಗೆ ಏನಾಯಿತು ಎಂದು ಹುಡುಗರು ಸುತ್ತುವರಿದು ಕೇಳಿದರು. “ತಂಗಿ ಸತ್ತಳು” ಎಂದ, ನನ್ನೆದುರಿಗೇ, ಒಂದಿಷ್ಟೂ ತಡವರಿಸದೆ. ಸರಿ ಎಂದು ಎಲ್ಲರೂ ಚಹಾಕ್ಕೆ ಎದ್ದರು. ಅವನ ಕೆನ್ನೆಗೆ ಬಾರಿಸಬೇಕೆನಿಸಿತ್ತು. ಇವತ್ತಿಗೂ ಅನಿಸುತ್ತದೆ.

ಕೆಲಸ ಸಿಕ್ಕಿ ಸ್ವಂತ ಕಂಪ್ಯೂಟರ್ ಕೊಂಡ ಮೇಲೆ ಮೊದಲು ಹಾಕಿದ್ದು ಅದೇ ಆಟ. ಯಾರ ಮಾತನ್ನೂ ತಡೆಯದೆ, ಎಲ್ಲವನ್ನೂ ಕೇಳಿಸಿಕೊಂಡು ಕೊನೆಯವರೆಗೆ ಹೋದೆ. ಕುರ್ಚಿ ನಿಧಾನವಾಗಿ ತಿರುಗಿತು. ಇಷ್ಟು ತಡವೇ ಎಂದು ಅವಳು ಅಣ್ಣನನ್ನು ಕೇಳಿದಳು. ನಾನು ಅತ್ತುಬಿಟ್ಟೆ. ತಡೆಯಲಾರದೆ ಕಾರ್ಕಳಕ್ಕೆ ಫೋನ್ ಮಾಡಿದೆ.

“ತಂಗಿ ಸತ್ತದ್ದಲ್ಲ ಮಾರಾಯ, ಬದುಕಿದ್ದಾಳೆ!”



“ಯಾರ ತಂಗಿ?” ಎಂದ.