ಎರಡಿಂಚಿನ ತಪ್ಪು ತನ್ನದೆಂದವರು

ಅವರ ಬಲಗಿವಿಯ ಹಿಂದೆ, ಎಲುಬು ಉಬ್ಬಿರುವ ಜಾಗದಲ್ಲಿ, ಎಂಟಾಣೆ ನಾಣ್ಯದಷ್ಟಗಲ ಕೂದಲಿಲ್ಲದ ಒಂದು ಜಡ್ಡು ಇತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿನ ಮೈಗೆ ಒತ್ತಿ, ಹಿಡಿಕೆಯನ್ನು ಆ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನಲವತ್ತು ವರ್ಷ ಹಾಗೆ ಕೇಳಿದ್ದರಿಂದ ಬಂದ ಜಡ್ಡು ಅದು. ನಾನು ಅವರನ್ನು ಕಂಡ ಹೊತ್ತಿಗೆ ಕಿವಿಗಳು ಮುಕ್ಕಾಲು ಮಂದವಾಗಿದ್ದವು. ನಮ್ಮ ಮಾತು ತಿಳಿಯಬೇಕಾದರೆ ಎದುರು ನಿಂತು, ತುಟಿ ಕಾಣುವಂತೆ ಆಡಬೇಕಾಗುತ್ತಿತ್ತು. ಇಂಜಿನ್ನಿನ ಸದ್ದು ಮಾತ್ರ ಎಲುಬಿನೊಳಗಿಂದ ಅವರಿಗೆ ಸ್ವಚ್ಛವಾಗಿ ಕೇಳುತ್ತಿತ್ತು.

ಊರಿಗೆಲ್ಲ ಅವರು ಮಿಸ್ತ್ರಿ. ನಾನು ಚಾಚಾ ಅನ್ನುತ್ತಿದ್ದೆ. ವಡಗಾವಿಯ ಮಗ್ಗಗಳ ಓಣಿ ಮುಗಿಯುವಲ್ಲಿ ಅವರ ತಗಡಿನ ವರ್ಕ್‌ಶಾಪು. ಸಮುದ್ರ ಕಾಣದ ಬೆಳಗಾವಿಯಲ್ಲಿ ಮೀನು ಹಿಡಿಯುವ ಬೋಟಿನ ಪಂಖಾ ತಯಾರಾಗುತ್ತದೆ ಎಂದರೆ ಹೊರಗಿನವರು ನಂಬುತ್ತಿರಲಿಲ್ಲ. ಆದರೆ ಎರಕದ ಕೆಲಸಕ್ಕೆ, ಲೇಥ್ ಕೆಲಸಕ್ಕೆ ಈ ಊರು ಮೊದಲಿನಿಂದಲೂ ಹೆಸರಾದದ್ದು. ಬೋಟಿನ ಹಿಂದೆ ನೀರೊಳಗೆ ತಿರುಗಿ ಅದನ್ನು ಮುಂದೆ ನೂಕುವ ಆ ಕಂಚಿನ ಪಂಖಾಗಳು, ಮುರಿದವು, ಸೊಟ್ಟಗಾದವು, ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಲೋಂಡಾ ಮೇಲಿನ ರೈಲಿನಲ್ಲೋ ಕಾರವಾರದ ಬಸ್ಸಿನಲ್ಲೋ ಅವರ ಬಾಗಿಲಿಗೆ ಬರುತ್ತಿದ್ದವು.

ಚಾಚಾ ಕಲಿತದ್ದು ಉರ್ದು ಸಾಲಿಯಲ್ಲಿ ನಾಲ್ಕನೆಯ ಇಯತ್ತೆ. ಲೆಕ್ಕವೆಲ್ಲ ತಲೆಯಲ್ಲಿ. ಆದರೆ ಕಟ್ಟಿಗೆಯ ಅಚ್ಚು ಕೆತ್ತುವವರು, ಎರಕ ಹೊಯ್ಯುವವರು ಕಾಗದ ಕೇಳತೊಡಗಿದ ಮೇಲೆ ಅವರಿಗೆ ನಕ್ಷೆ ಬರೆಯುವವರು ಬೇಕಾದರು. ನಾನು ಖಾನಾಪುರದಿಂದ ದಿನಾಲೂ ಬಂದು ಹೋಗುತ್ತಿದ್ದೆ. ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ ಅದೇ ಓಣಿಯ ಒಂದು ಸಣ್ಣ ಆಫೀಸಿನಲ್ಲಿ ಕೂತಿದ್ದೆ. ಅವರು ನಿಂತುಕೊಂಡು ಅಳತೆ ಹೇಳುವುದು, ನಾನು ಬರೆಯುವುದು. ಹೀಗೆ ಒಂಬತ್ತು ವರ್ಷ ನಡೆಯಿತು. ನಾನು ಬರೆದದ್ದನ್ನು ಅವರು ತಿರುಗಿ ನೋಡುತ್ತಿರಲಿಲ್ಲ. ಮಗಳ ಕೈಬರಹ ಎಂದು ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಪಂಖಾದ ವಿದ್ಯೆಯನ್ನು ಅವರು ನನಗೆ ಹೇಳಿಕೊಟ್ಟದ್ದು ಒಂದು ಹಲಗೆಗೆ ಸ್ಕ್ರೂ ತಿರುಗಿಸಿ. “ಒಂದ ಸುತ್ತಿಗೆ ಇದು ಎಷ್ಟ ಒಳಗ ಹೋತು ನೋಡು. ಪಂಖಾನೂ ನೀರಾಗ ಹಂಗ ಹೊಕ್ಕೈತಿ. ಅದಕ್ಕ ಪಿಚ್ ಅಂತಾರ.” ಪಿಚ್ ಹೆಚ್ಚಿದ್ದರೆ ಒಂದೊಂದು ಸುತ್ತಿಗೂ ಬೋಟು ಹೆಚ್ಚು ದೂರ ಹೋಗುತ್ತದೆ, ಆದರೆ ಅಷ್ಟು ನೀರನ್ನು ದೂಡುವ ತಾಕತ್ತು ಇಂಜಿನ್ನಿಗೆ ಇರಬೇಕು. ಇಲ್ಲದಿದ್ದರೆ ಅದು ಏದುಸಿರು ಬಿಡುತ್ತದೆ, ಕರಿ ಹೊಗೆ ಉಗುಳುತ್ತದೆ, ಕಾದು ನಿಂತುಬಿಡುತ್ತದೆ. “ಎತ್ತಿನ ಮಾರಿ ನೋಡಿ ಗಾಡಿ ಹೇರಬೇಕು” ಎನ್ನುವುದು ಅವರ ಮಾತು. ಹೊಸ ಬೋಟಿನವರು ಯಾರೇ ಬರಲಿ, ಮೊದಲು ಕೇಳುತ್ತಿದ್ದದ್ದು ವೇಗವನ್ನಲ್ಲ. ಬಲೆ ಎಷ್ಟು ಭಾರ, ಮೀನು ಕೆಡದಂತೆ ಬರ್ಫ ಎಷ್ಟು ಹಾಕುತ್ತೀರಿ, ಎಷ್ಟು ಮಂದಿ ಹತ್ತುತ್ತೀರಿ, ತಿರುಗಿ ಬರುವಾಗ ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ತೆರೆ ಹೇಗಿರುತ್ತದೆ, ಇಷ್ಟೂ ಕೇಳಿ ಆಮೇಲೆ ಕುಂದರ್ರಿ ಎನ್ನುತ್ತಿದ್ದರು.

ನಾವು ಅಂಬಿಗರು. ನಮ್ಮಪ್ಪ ಖಾನಾಪುರದಲ್ಲಿ ಮಲಪ್ರಭೆಯ ಮೇಲೆ ಹರಿಗೋಲು ಹಾಕುತ್ತಿದ್ದವನು, ಬೇಗ ತೀರಿಕೊಂಡ. ಅಣ್ಣ ಹದಿನೆಂಟಕ್ಕೇ ಗೋವಾಕ್ಕೆ ಹೋಗಿ ಬೇರೆಯವರ ಬೋಟುಗಳಲ್ಲಿ ದುಡಿದ. ನನ್ನನ್ನು ಓದಿಸಿದವನು ಅವನು. ಹದಿನಾರು ವರ್ಷದ ಮೇಲೆ ಕಾರವಾರದ ಕಡೆಯ ಒಂದು ಸಣ್ಣ ಬಂದರಿನಲ್ಲಿ ತನ್ನದೇ ಫೈಬರ್ ಬೋಟು ಕಟ್ಟಿಸಿದ. ಅದಕ್ಕೆ ಇಂಜಿನ್, ಪಂಖಾ ಕೂರಿಸುವ ಕೆಲಸವನ್ನು ಚಾಚಾ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ ಎಂದು ನನ್ನ ಮುಂದೆ ಹೇಳಿದಾಗ ನನಗೆ ಹೆಮ್ಮೆಯಾಯಿತು.

ಎರಡು ಸಿಲಿಂಡರಿನ ಹೊಸ ಡೀಸೆಲ್ ಇಂಜಿನ್ ಮೊದಲು ವಡಗಾವಿಗೇ ಬಂತು. ಚಾಚಾ ಮೂರು ದಿನ ಅದನ್ನು ಓಡಿಸಿ, ಎಲುಬಿಗೆ ಸ್ಕ್ರೂಡ್ರೈವರ್ ಹಚ್ಚಿ ಕೇಳಿದರು. ಬೋಟಿನ ಉದ್ದ, ಹೊರೆ, ಗೇರ್‌ಬಾಕ್ಸು ಎಲ್ಲ ತೂಗಿ ಕೊನೆಗೆ ಪಿಚ್ ಹದಿನೆಂಟು ಇಂಚು ಎಂದು ನನಗೆ ಬರೆಯಲು ಹೇಳಿದರು.

ಆ ಸಂಜೆ ಅಣ್ಣ ನನ್ನನ್ನು ಊರಿನ ಕ್ಯಾಂಪ್ ಬಡಾವಣೆಯ ಒಂದು ಚಹಾದ ಅಂಗಡಿಗೆ ಕರೆದುಕೊಂಡು ಹೋದ. ಹದಿನೆಂಟು ಸಾಲದು ಎಂದ. ಬಂದರಿಗೆ ಮೊದಲು ಮುಟ್ಟಿದವನ ಮೀನಿಗೆ ಮೊದಲ ಗಿರಾಕಿ, ಹಿಂದೆ ಬಿದ್ದವನದು ಬರ್ಫಿನಲ್ಲೇ ಉಳಿಯುತ್ತದೆ, ಹದಿನಾರು ವರ್ಷ ನೋಡಿದ್ದೇನೆ ಎಂದ. ಚಾಚಾನಿಗೆ ಹೇಳಿದರೆ ಕೇಳುವುದಿಲ್ಲ, ಮುದುಕ ಅಂಜುಬುರುಕ ಎಂದ. ಆಮೇಲೆ ದನಿ ತಗ್ಗಿಸಿ, “ತಂಗಿ, ಇಪ್ಪತ್ತ ಬರಿ. ನಿನ್ನ ಕಡೆ ಮತ್ತ ಏನೂ ಕೇಳೂದಿಲ್ಲ ನಾ” ಎಂದ.

ಅವನು ಅಲ್ಲಿಯವರೆಗೆ ನನ್ನಲ್ಲಿ ಏನೂ ಕೇಳಿರಲೂ ಇಲ್ಲ. ಅದೊಂದೇ ಕಾರಣವೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೂರ್ತಿ ನಿಜವಲ್ಲ. ಒಂಬತ್ತು ವರ್ಷ ನಕ್ಷೆ ಬರೆದು ನನಗೂ ಎಲ್ಲ ತಿಳಿದಿದೆ ಎಂಬ ಸೊಕ್ಕು ಬಂದಿತ್ತು. ಎರಡಿಂಚಿನಿಂದ ಏನಾಗುತ್ತದೆ ಅನಿಸಿತ್ತು. ಮರುದಿನ ನಕ್ಷೆಯಲ್ಲಿ ಇಪ್ಪತ್ತು ಎಂದು ಬರೆದೆ. ಚಾಚಾ ಎಂದಿನಂತೆ ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡರು.

ಎರಕವಾಗಿ ಪಂಖಾ ಬಂದ ದಿನ ನಾನು ಅಲ್ಲೇ ಇದ್ದೆ. ಅವರು ಅದನ್ನು ಸಮತಟ್ಟಾದ ಕಬ್ಬಿಣದ ಮೇಜಿನ ಮೇಲೆ ಇಟ್ಟು ಅಲಗುಗಳ ಓರೆಯನ್ನು ಅಳೆದರು. ಇನ್ನೊಮ್ಮೆ ಅಳೆದರು. ಕಾಗದ ತೆಗೆದು ಬಿಚ್ಚಿದರು. ಅಂಕಿ ಅವರಿಗೆ ಓದಲು ಬರುತ್ತಿತ್ತು.

“ನಾ ಹೇಳಿದ್ದ ನಿನಗ ಬರೋಬರಿ ಕೇಳಿಸಲಿಲ್ಲೇನ ಬೇಟಿ?” ಎಂದರು.

ಕಿವಿ ಮಂದವಿದ್ದದ್ದು ಅವರದು, ನನ್ನದಲ್ಲ. ನನಗೆ ಪಾರಾಗಲು ಒಂದು ದಾರಿ ಬಿಟ್ಟಿದ್ದರು. ನಾನು ಅದನ್ನು ಹಿಡಿಯದೆ, ಅಣ್ಣ ಹೇಳಿದ ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಕೈ ಒರೆಸಿಕೊಂಡರು. ಆಮೇಲೆ ಅಣ್ಣನಿಗೆ ಫೋನು ಹಚ್ಚಿಸಿದರು. ಅಲಗಿನ ತುದಿಗಳನ್ನು ಅರ್ಧರ್ಧ ಇಂಚು ಕೊಯ್ದರೆ ಇಂಜಿನ್ನಿನ ಮೇಲಿನ ಭಾರ ಇಳಿಯುತ್ತದೆ, ಒಂದು ದಿನದ ಕೆಲಸ ಎಂದು ನನ್ನಿಂದ ಹೇಳಿಸಿದರು. ಅಣ್ಣ ಒಪ್ಪಲಿಲ್ಲ. ಮೊದಲು ನೀರಿಗೆ ಇಳಿಸಿ ನೋಡೋಣ, ಭಾರವಾದರೆ ಅಲ್ಲಿಯೇ ಕೊಯ್ಯೋಣ ಎಂದು ಹಟ ಹಿಡಿದ. ಚಾಚಾ ಸೋತರು. ಆದರೆ ಒಂದು ಮಾತು ತೆಗೆದುಕೊಂಡರು: ಖಾಲಿ ಬೋಟಿನಲ್ಲಿ ನೋಡುವುದಲ್ಲ, ಮೀನು ತುಂಬಿದಷ್ಟೇ ಭಾರ ಹೇರಿ ನೋಡಬೇಕು.

ಕೂರಿಸಲು ಅವರೇ ಹೋದರು. ಮಳೆಗಾಲದಲ್ಲಿ ಮೀನು ಹಿಡಿಯಬಾರದೆಂಬ ಬಂದಿ ಮುಗಿಯುತ್ತ ಬಂದಿತ್ತು. ಎರಡು ದಿನ ಬೋಟಿನ ಹೊಟ್ಟೆಯೊಳಗೆ ಬೋರಲು ಮಲಗಿ, ಇಂಜಿನ್ನಿನ ದಂಡ ಮತ್ತು ಪಂಖಾದ ದಂಡ ಕೂದಲೆಳೆಯಷ್ಟೂ ಸೊಟ್ಟ ಬರದಂತೆ ಜೋಡಿಸಿದರು ಎಂದು ಅಣ್ಣ ಆಮೇಲೆ ಅಭಿಮಾನದಿಂದ ಹೇಳಿದ. ಖಾಲಿ ಬೋಟು ಚೆನ್ನಾಗಿ ಓಡಿತು. ಇಂಜಿನ್ ಹೆಚ್ಚುಕಡಿಮೆ ತನ್ನ ಪೂರ್ತಿ ಸುತ್ತು ಮುಟ್ಟಿತು. ಮರಳಿನ ಚೀಲ ಹೇರಿ ಮತ್ತೆ ಓಡಿಸಬೇಕು ಅನ್ನುವಷ್ಟರಲ್ಲಿ ಮಳೆ ಹಿಡಿಯಿತು. ಮರುದಿನವೂ ಬಿಡಲಿಲ್ಲ. ಅಷ್ಟರಲ್ಲಿ ಚಾಚಾನ ಹೆಂಡತಿಯನ್ನು ಉಸಿರಾಟದ ತೊಂದರೆಯಿಂದ ದವಾಖಾನೆಗೆ ಸೇರಿಸಿದ್ದಾರೆಂದು ಫೋನು ಹೋಯಿತು. ಭಾರ ಹೇರಿ ನೋಡದೆ ಬಲೆ ಹಾಕಬೇಡ ಎಂದು ಅಣ್ಣನಿಂದ ಮಾತು ತೆಗೆದುಕೊಂಡು ಅವರು ಹಿಂದಿರುಗಿದರು.

ಎರಡು ಸಲ ನನ್ನ ಫೋನಿನಿಂದಲೇ ಅವನನ್ನು ವಿಚಾರಿಸಿದರು. ಅವರಿಗೆ ಕೇಳಿಸದೆಂದು ನಾನೇ ನಡುವೆ ನಿಂತು ಮಾತು ದಾಟಿಸಿದೆ. ನೋಡಿದೆವು, ಭಾರಿ ಓಡುತ್ತದೆ ಎಂದ ಅಣ್ಣ. ಅವನು ಸುಳ್ಳು ಹೇಳುವಾಗ ದನಿ ಸ್ವಲ್ಪ ಎತ್ತರವಾಗುತ್ತಿತ್ತು. ಅದು ನನಗೆ ತಿಳಿಯಿತು. ಚಾಚಾ ನನ್ನ ತುಟಿಯನ್ನೇ ನೋಡುತ್ತಿದ್ದರು. ನೋಡಿದ್ದಾನಂತೆ ಎಂದೆ.

ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಬೋಟುಗಳು ಹೊರಟವು. ಒಂಬತ್ತನೆಯ ದಿನ ಅಣ್ಣನ ಬೋಟಿಗೆ ಹಿಂದೆಂದೂ ಸಿಗದಷ್ಟು ಮೀನು ಸಿಕ್ಕಿತಂತೆ. ಸಂಜೆ ಎಲ್ಲರಿಗಿಂತ ಮೊದಲು ತಿರುಗಿದ. ಅಳಿವೆಯ ಬಾಯಲ್ಲಿ ಹಿಂದಿನಿಂದ ದೊಡ್ಡ ತೆರೆಗಳು ಏಳುತ್ತಿದ್ದವು. ಅವುಗಳಿಗಿಂತ ಮುಂದೆ ಓಡಬೇಕೆಂದು ಪೂರ್ತಿ ರೇಸ್ ಕೊಟ್ಟರೆ ಇಂಜಿನ್ ಏರಲಿಲ್ಲ. ಕರಿ ಹೊಗೆ ಉಗುಳಿತು, ಕಾಯಿತು, ನಿಂತಿತು. ಬೋಟು ಅಡ್ಡ ತಿರುಗಿದ ಗಳಿಗೆಯಲ್ಲಿ ತೆರೆ ಬಂದು ಮಗುಚಿತು. ಉಳಿದ ನಾಲ್ವರು ಈಜಿ ದಡ ಸೇರಿದರು. ಅಣ್ಣ ಇಂಜಿನ್ನಿನ ಕೋಣೆಯಲ್ಲಿದ್ದ. ಮೂರನೆಯ ದಿನ ಸಿಕ್ಕ.

ಅಂಥ ತೆರೆಯಲ್ಲಿ ಯಾವ ಪಂಖಾ ಇದ್ದರೂ ಹಾಗೇ ಆಗುತ್ತಿತ್ತೇನೋ ಎಂದು ಬೋಟು ನಡೆಸುವ ಒಬ್ಬ ಹಳೆಯ ತಾಂಡೇಲ ನನಗೆ ಹೇಳಿದ್ದುಂಟು. ಆ ಮಾತನ್ನು ನಂಬಬೇಕೆಂದು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ.

ಮಣ್ಣು ಮಾಡಿದ ಐದನೆಯ ದಿನ ಚಾಚಾ ಖಾನಾಪುರಕ್ಕೆ ಬಂದರು. ಅಂಗಳದಲ್ಲಿ ಬಳಗವೆಲ್ಲ ಕೂತಿತ್ತು. ಈಜಿ ಬಂದ ನಾಲ್ವರಲ್ಲಿ ಇಬ್ಬರು ಇದ್ದರು. ಇಂಜಿನ್ ಏರಲಿಲ್ಲ, ಪಂಖಾ ಇಂಜಿನ್ನಿಗೆ ಭಾರವಾಗಿತ್ತು ಎಂದು ಅವರು ಆಗಲೇ ಹೇಳಿಯಾಗಿತ್ತು. ನಮ್ಮ ಸೋದರಮಾವ ಎದ್ದು ನಿಂತು, ಅಳತೆ ಕೊಟ್ಟವರು ಯಾರು ಎಂದು ಕೇಳಿದ. ನಾನು ಬಾಗಿಲ ಕಂಬ ಹಿಡಿದು ನಿಂತಿದ್ದೆ. ಹೇಳಬೇಕೆಂದು ಬಾಯಿ ತೆರೆದದ್ದು ನಿಜ. ಚಾಚಾ ನನ್ನ ತುಟಿ ನೋಡಿದರು. ನನ್ನಿಂದ ದನಿ ಬರುವ ಮೊದಲೇ ಅವರು ಮಾತಾಡಿದರು.

“ಅಳತಿ ನಂದ್ರಿ. ನಾ ತಪ್ಪಿದೆ. ಹುಡುಗಿ ನಾ ಹೇಳಿದ್ದಷ್ಟ ಬರದಾಳ, ಆಕಿದೇನೂ ಇಲ್ಲ.”

ಅವ್ವ ಒಳಗಿನಿಂದ ಎದ್ದು ಬಂದಳು. ಕೂಗಲಿಲ್ಲ. “ನನ್ನ ಮಗನ್ನ ಮುಳುಗಿಸಿದಿ. ನಿನ್ನ ಕೈ ಸೇದಿ ಹೋಗಲಿ” ಎಂದಳು. ಅವರು ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿಸಿಕೊಂಡರು. ಅಷ್ಟು ಮೆಲ್ಲಗೆ ಆಡಿದ್ದು ಅವರ ಕಿವಿಗೆ ಬೀಳಲು ಸಾಧ್ಯವಿರಲಿಲ್ಲ, ತುಟಿಯನ್ನೂ ಅವರು ನೋಡಿರಲಿಲ್ಲ. ಆದರೂ ತಿಳಿಯಿತು.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಅವರ ಹಿಂದೆ ಓಡಿ ಹೋಗಿ ಎದುರು ನಿಂತೆ. ನಾನು ಈಗಲೇ ಹೋಗಿ ಎಲ್ಲರಿಗೂ ಹೇಳುತ್ತೇನೆ ಎಂದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು.

“ಸುಮ್ಮನಿರು. ನಿಮ್ಮವ್ವಗ ಒಬ್ಬ ಮಗ ಹೋಗ್ಯಾನ. ಈಗ ನೀ ಹೇಳಿದರ ಮಗಳೂ ಹೊಕ್ಕಾಳ. ನನಗ ವಯಸ್ಸಾಗೇತಿ, ನಾ ಹೊರತೇನಿ.”

ಅವರು ಹೊತ್ತರು. ಮಾತು ಕರಾವಳಿಗೆಲ್ಲ ಹಬ್ಬಿತು. ಗೋಣಿತಟ್ಟಿನ ಗಂಟುಗಳು ಬರುವುದು ಕಡಿಮೆಯಾಗಿ, ಒಂದು ದಿನ ನಿಂತೇಹೋಯಿತು. ಇಂಜಿನ್ನಿನ ಕಷ್ಟ ಹೇಳಿಕೊಂಡು ದೂರದಿಂದ ಬರುತ್ತಿದ್ದ ತಾಂಡೇಲರು ಅದೇ ಓಣಿಯಲ್ಲಿ ಮುಂದೆ ಬೇರೆ ಅಂಗಡಿಗೆ ಹೋಗತೊಡಗಿದರು. ಚಾಚಾ ರೈತರ ಪಂಪುಗಳನ್ನು ಬಿಚ್ಚಿ ಜೋಡಿಸುತ್ತ ಕೂತರು. ಒಂದು ವರ್ಷ ನಾನು ಆ ವರ್ಕ್‌ಶಾಪಿನ ಮುಂದೆ ಹಾದು ಹೋಗಲಾರದೆ ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದೆ. ಕೊನೆಗೆ ಅವರೇ ಆಫೀಸಿಗೆ ಬಂದು, ಒಂದು ಪಂಪಿನ ಚಕ್ರದ ನಕ್ಷೆ ಬೇಕು ಎಂದರು. ಬರೆದು ಕೊಟ್ಟೆ. ಮಡಚಲಿಲ್ಲ. “ಒಂದ ಸಲ ಓದಿ ತೋರಸು” ಎಂದರು. ಎದುರು ನಿಂತು ಒಂದೊಂದೇ ಅಂಕಿ ಓದಿದೆ. ಅವರು ಒಂದೊಂದಕ್ಕೂ ತಲೆ ಆಡಿಸಿದರು. ಅದರಲ್ಲಿ ಸಿಟ್ಟು ಇರಲಿಲ್ಲ. ಅಲ್ಲಿಂದ ಇವತ್ತಿನವರೆಗೆ ನಾನು ಓದಿ ತೋರಿಸದೆ ಯಾರಿಗೂ ನಕ್ಷೆ ಕೊಟ್ಟಿಲ್ಲ.

ಅಣ್ಣ ಹೋದ ಆರನೆಯ ವರ್ಷ ಚಾಚಾ ತೀರಿಕೊಂಡರು. ಎದೆನೋವು ಎಂದು ಮಧ್ಯಾಹ್ನ ಮನೆಗೆ ಹೋದವರು ತಿರುಗಿ ಬರಲಿಲ್ಲ. ಕಬರಸ್ತಾನದ ಹೊರಗಿನ ಗೋಡೆಯ ಹತ್ತಿರ ನಿಂತಿದ್ದು, ಮಣ್ಣಾದ ಮೇಲೆ ನಾನು ಖಾನಾಪುರಕ್ಕೆ ಹೋದಾಗ ಅವ್ವ ಜೋಳದ ಹಿಟ್ಟು ನಾದುತ್ತಿದ್ದಳು. ಸುದ್ದಿ ಹೇಳಿದೆ. ಹಿಟ್ಟಿನಿಂದ ಕೈ ತೆಗೆಯದೆ, ದೇವರು ತಡವಾಗಿ ಕಣ್ಣು ತೆರೆದ ಎಂದಳು.

ಆ ಮಾತು ಕೇಳಿದ ಮೇಲೆ, ನನ್ನ ತಪ್ಪನ್ನು ಇನ್ನೂ ಅವರ ಮೇಲೆಯೇ ಹೊರಿಸಿಡಲು ನನ್ನಿಂದಾಗಲಿಲ್ಲ. ಒಲೆಯ ಮುಂದೆ ಕೂತು ಎಲ್ಲ ಹೇಳಿದೆ: ಕ್ಯಾಂಪಿನ ಚಹಾದ ಅಂಗಡಿ, ಇಪ್ಪತ್ತು ಎಂದು ಬರೆದದ್ದು, ಫೋನಿನಲ್ಲಿ ಅಣ್ಣನ ದನಿ, ನನ್ನ ತುಟಿಯ ಸುಳ್ಳು. ಅವ್ವ ಅವತ್ತು ರೊಟ್ಟಿ ಬಡಿಯಲಿಲ್ಲ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಅವ್ವ ನನಗೆ ಹೇಳದೆ ಒಬ್ಬಳೇ ಬಸ್ಸು ಹತ್ತಿ ವಡಗಾವಿಗೆ ಬಂದಿದ್ದಳು. ನಾನು ಹೋದಾಗ ಚಾಚಾನ ಹೆಂಡತಿಯ ಬಾಜು ಕೂತಿದ್ದಳು. ಆ ತಾಯಿಯ ಕೈ ಅವ್ವನ ಎರಡೂ ಕೈಗಳೊಳಗೆ ಇತ್ತು. ನನ್ನನ್ನು ಕಂಡ ಅವ್ವ ಮುಖ ಆಚೆ ತಿರುಗಿಸಿದಳು.

ಇದಾಗಿ ಎರಡು ವರ್ಷವಾಯಿತು. ದಿನಾ ಸಂಜೆ ನಾನು ಮನೆಗೆ ಹೋದರೆ ಅವ್ವ ತಾಟು ಇಡುತ್ತಾಳೆ, ಊಟಕ್ಕೆ ಬಡಿಸುತ್ತಾಳೆ, ಎದುರು ಕೂರುವುದಿಲ್ಲ. ಮೊದಲು ಆ ಆರು ವರ್ಷ, ಭಾನುವಾರ ಭಾನುವಾರ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಇದ್ದೊಬ್ಬಳು ನೀನು ಎಂದು ಕೂದಲನ್ನು ನಿಧಾನವಾಗಿ ಬಾಚುತ್ತಿದ್ದಳು. ಚಾಚಾ ನನಗೆ ಕೊಟ್ಟುಹೋದದ್ದು ಆ ಆರು ವರ್ಷಗಳನ್ನು.