ಬಲೂನು ಮಾತ್ರ ಮೇಲೆ ಬಂತು

ಅಣ್ಣ ಬಹಳ ವರ್ಷ ಗಲ್ಫಿನಲ್ಲಿ ಮುಳುಗುವ ಕೆಲಸದಲ್ಲಿದ್ದ. ಬಂದರಿನಲ್ಲಿ ನಿಂತ ಹಡಗುಗಳ ಅಡಿಗೆ ಹೋಗಿ, ತಳಕ್ಕೆ ಕಚ್ಚಿಕೊಂಡ ಚಿಪ್ಪು, ಪಾಚಿಯನ್ನೆಲ್ಲ ಕೆರೆದು ತೆಗೆಯುವುದು. ನಮ್ಮೂರು ಅಜ್ಜಾವರದಲ್ಲಿ ಯಾರಾದರೂ "ಮಗ ಅಲ್ಲಿ ಎಂತ ಮಾಡುದು?" ಎಂದು ಕೇಳಿದರೆ ಅಮ್ಮ "ಕಂಪೆನಿಯಲ್ಲಿ" ಎಂದಷ್ಟೇ ಹೇಳುತ್ತಿದ್ದರು. ನೀರಿನಡಿಯ ಕೆಲಸ ಅಂದರೆ ಕೇಳಿದವರು ಹೆದರುತ್ತಾರೆ, ಅವರ ಹೆದರಿಕೆ ನೋಡಿ ತನಗೂ ಹೆದರಿಕೆ ಶುರುವಾಗುತ್ತದೆ ಎನ್ನುವುದು ಅಮ್ಮನ ಲೆಕ್ಕ.

ಒಮ್ಮೆ ಶೀತ ಇದ್ದಾಗಲೇ ಅವನು ಕೆಳಗೆ ಇಳಿದ. ಬಲಕಿವಿಯ ಒಳಗೆ ಏನೋ ಒಡೆಯಿತು. ಆ ಕಿವಿ ಮತ್ತೆ ಕೇಳಲಿಲ್ಲ, ಕೆಲಸವೂ ಹೋಯಿತು. ಊರಿಗೆ ಬಂದು ಅರಂತೋಡಿನ ರಸ್ತೆ ಬದಿಯಲ್ಲಿ ಪಂಪ್ ರಿಪೇರಿಯ ಅಂಗಡಿ ಹಾಕಿದ. ಪುತ್ತೂರಿನ ಕಿವಿ ಡಾಕ್ಟರು ಪರೀಕ್ಷೆ ಮಾಡಿ, "ಇನ್ನೊಂದು ಕಿವಿ ಚೆನ್ನಾಗಿ ಉಂಟು. ಅದನ್ನು ಜೋಪಾನ ಮಾಡಿ. ಮುಳುಗುದು ಮಾತ್ರ ಬೇಡವೇ ಬೇಡ" ಎಂದಿದ್ದರು. ಅವನು ಒಪ್ಪಿಕೊಂಡಿದ್ದ. ಪಯಸ್ವಿನಿ ಹೊಳೆಯಲ್ಲಿ ಮೀಯಲು ಹೋದರೂ ತಲೆ ಮುಳುಗಿಸುತ್ತಿರಲಿಲ್ಲ.

ನಾನು ಕಡಬದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಅಲ್ಲೇ ಬಾಡಿಗೆ ಕೋಣೆ. ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಅಣ್ಣ ದಿನಾ ಫೋನ್ ಮಾಡುತ್ತಿದ್ದ. ಅಂದಿನ ಸುದ್ದಿ ಮುಗಿದ ಮೇಲೆ ಮಾತು ಹೇಗಾದರೂ ಸಮುದ್ರಕ್ಕೇ ಹೋಗಿ ಮುಟ್ಟುತ್ತಿತ್ತು. ಹಡಗಿನ ಅಡಿಯಲ್ಲಿ ಬೆಳಕು ಹೇಗೆ ಹಸಿರಾಗಿ ಬೀಳುತ್ತದೆ, ಒಂದು ದೊಡ್ಡ ಮೀನು ದಿನಾ ಬಂದು ಅವನ ಕೆಲಸವನ್ನು ಹೇಗೆ ನೋಡುತ್ತಾ ನಿಲ್ಲುತ್ತಿತ್ತು. ಕೇಳಿ ಕೇಳಿ ನನಗೂ ಆಸೆ ಹುಟ್ಟಿತು. ಒಂದು ರಜೆಯಲ್ಲಿ ಮುರ್ಡೇಶ್ವರಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಕಲಿತೆ. ಮರುವರ್ಷ ಮತ್ತೆ ಹೊರಟಾಗ ಅಣ್ಣ, "ನಾನೂ ಬರ್ತೇನೆ. ಬೋಟಿನಲ್ಲಿ ಕೂತ್ಕೊಳ್ತೇನೆ, ಅಷ್ಟೇ" ಎಂದ. ಬೇಡ ಎನ್ನಲು ಮನಸ್ಸು ಬರಲಿಲ್ಲ.

ಹೋಗುವ ಮೊದಲು ಅವನು ನನಗೆ ಒಂದು ವಿಷಯ ಕಲಿಸಿದ. ನೀರಿನಡಿಯಿಂದ ಮೇಲಿನ ಬೋಟಿಗೆ ನಾವು ಇಲ್ಲಿದ್ದೇವೆ ಎಂದು ತಿಳಿಸಲು ಒಂದು ಉದ್ದ ಚೀಲ ಇರುತ್ತದೆ. ಮಾರ್ಕರ್ ಬಾಯ್ ಅಂತ ಅದರ ಹೆಸರು. ಅಣ್ಣ ಬಲೂನು ಎನ್ನುತ್ತಿದ್ದ. ಮಡಚಿದರೆ ಕೊಡೆಯಷ್ಟು, ಗಾಳಿ ತುಂಬಿದರೆ ಆಳಿನಷ್ಟು ಎತ್ತರ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣ. ಅದಕ್ಕೆ ಕಟ್ಟಿದ ದಾರದ ಉಂಡೆ ನಮ್ಮ ಕೈಯಲ್ಲಿ.

ಮರ್ಕಂಜದಲ್ಲಿ ಚಿಕ್ಕಮ್ಮನ ತೋಟಕ್ಕೆ ನೀರು ಬಿಡಲು ಟರ್ಪಾಲು ಹಾಸಿದ ಹೊಂಡ ಉಂಟು. ನಾನು ಅದರಲ್ಲಿ ಕುತ್ತಿಗೆವರೆಗೆ ನಿಂತೆ, ಅಣ್ಣ ದಂಡೆಯ ಮೇಲೆ ಕೂತ. ದಾರದ ತುದಿಯ ಕುಣಿಕೆಯನ್ನು ಬಲೂನಿನ ಬಳೆಯೊಳಗೆ ತೂರಿಸಿ, ಉಂಡೆಯನ್ನು ಆ ಕುಣಿಕೆಯೊಳಗಿಂದ ದಾಟಿಸಿ ಬಿಗಿಯಬೇಕು. ಕಣ್ಣು ಮುಚ್ಚಿಕೊಂಡು ಮಾಡು ಎಂದ. ಮಾಡಿದೆ. ಚಿಕ್ಕಮ್ಮ ಬಂದು ನೋಡಿ, "ಎಂತದು ಮಾರಾಯ್ತಿ, ಯಾರ ಮದುವೆಗೆ ಈ ಅಲಂಕಾರ?" ಎಂದು ನಕ್ಕರು.

"ಮೊದಲು ಮೇಲೆ ನೋಡು, ಬೋಟ್ ಉಂಟಾ ಅಂತ. ಮತ್ತೆ ಸ್ವಲ್ಪ ಗಾಳಿ ಊದು. ಜಾಸ್ತಿ ಬೇಡ, ಮೇಲೆ ಹೋಗ್ತಾ ಅದೇ ಉಬ್ತದೆ" ಎಂದ ಅಣ್ಣ.

"ದಾರ ಸಿಕ್ಕಿಕೊಂಡ್ರೆ?"

"ಬಿಟ್ಟುಬಿಡು. ಒಂದು ಕ್ಷಣವೂ ಯೋಚನೆ ಮಾಡ್ಬೇಡ. ಹಿಡ್ಕೊಂಡ್ರೆ ಅದು ನಿನ್ನನ್ನೂ ಎಳ್ಕೊಂಡು ಹೋಗ್ತದೆ. ಹಾಗೆ ದಡಕ್ಕನೆ ಮೇಲೆ ಬಂದ್ರೆ ಶ್ವಾಸಕೋಶ ಒಡೀತದೆ. ಬಲೂನು ಹೋದ್ರೆ ಇನ್ನೊಂದು ತಗೊಳ್ಳುವ."

ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹತ್ತಿರ ಅಂದು ಸಮುದ್ರ ಮೇಲಿನಿಂದ ಶಾಂತವಾಗಿಯೇ ಕಾಣುತ್ತಿತ್ತು. ಕೆಳಗೆ ಸೆಳೆತ ಇತ್ತು. ನಾನು ಮತ್ತು ಕಲಿಸುವ ಮಾಸ್ಟರು ಬಂಡೆಯ ಬದಿಯಿಂದ ದೂರಕ್ಕೆ ತೇಲಿಹೋದೆವು. ಮೇಲೆ ಬರುವ ಹೊತ್ತಾದಾಗ ಅವರು ನನ್ನತ್ತ ಕೈ ತೋರಿಸಿದರು, ನೀವೇ ಕಳಿಸಿ ಎಂದು. ಕುಣಿಕೆ ಬಿಗಿದೆ, ಮೇಲೆ ನೋಡಿದೆ, ಗಾಳಿ ಊದಿದೆ. ಬಲೂನು ಎದ್ದಿತು, ದಾರ ಬಿಚ್ಚುತ್ತಾ ಹೋಯಿತು. ಒಮ್ಮೆಲೇ ಉಂಡೆಯಲ್ಲಿ ಗಂಟು ಸಿಕ್ಕಿ ದಾರ ನನ್ನ ಕೈಯನ್ನು ತಲೆಯ ಮೇಲಕ್ಕೆ ಜಗ್ಗಿತು. ನಾನು ಬಿಟ್ಟುಬಿಟ್ಟೆ. ಮಾಸ್ಟರು ಸರಿ ಎಂದು ಸನ್ನೆ ಮಾಡಿ, ತಮ್ಮ ಬಲೂನು ತೆಗೆದು ಸಿದ್ಧಮಾಡತೊಡಗಿದರು. ನನಗೆ ಒಳಗೊಳಗೇ ಹೆಮ್ಮೆ. ಅಣ್ಣನಿಗೆ ಹೇಳಬೇಕು, ಹೇಳಿಕೊಟ್ಟ ಹಾಗೆಯೇ ಮಾಡಿದೆ ಎಂದು.

ಮೇಲೆ ನಡೆದದ್ದನ್ನು ಆಮೇಲೆ ಬೋಟಿನವರು ಹೇಳಿದರು. ಕಿತ್ತಳೆ ಬಣ್ಣ ಕಂಡದ್ದೇ ಅಣ್ಣ ಎದ್ದು ನಿಂತು, "ನೋಡಿ, ನನ್ನ ತಂಗಿಯದ್ದು!" ಎಂದು ಕೂಗಿದನಂತೆ. ಕೆಳಗೆ ಜನ ದಾರ ಬಿಗಿಹಿಡಿದಿದ್ದರೆ ಬಲೂನು ನೆಟ್ಟಗೆ ನಿಲ್ಲುತ್ತದೆ. ಇದು ಅಡ್ಡ ಬಿದ್ದು ತೇಲಿತು. ಹತ್ತಿರ ಹೋಗಿ ಎತ್ತಿದರೆ ದಾರದ ತುದಿಯಲ್ಲಿ ಉಂಡೆ ಮಾತ್ರ ನೇತಾಡುತ್ತಿತ್ತು. "ತಡೀರಿ, ಅವರು ಬರ್ತಾರೆ" ಎಂದು ಬೋಟಿನವರು ಹೇಳುವಷ್ಟರಲ್ಲಿ ಅಣ್ಣ ಯಾರದೋ ಮುಳುಗುವ ಕನ್ನಡಕ ಮುಖಕ್ಕೆ ಸಿಕ್ಕಿಸಿಕೊಂಡು ಹಾರಿಯಾಗಿತ್ತು. ಬೆನ್ನಿಗೆ ಸಿಲಿಂಡರ್ ಇಲ್ಲ, ಉಸಿರು ಬಿಗಿಹಿಡಿದು ಮುಳುಗಿದ. ಮೇಲೆ ಬಂದ, ಮತ್ತೆ ಮುಳುಗಿದ. ಮಾಸ್ಟರ ಬಲೂನು ದೂರದಲ್ಲಿ ನೆಟ್ಟಗೆ ಎದ್ದು ನಿಂತಾಗ ಅವನು ನೀರಿನಡಿಯಲ್ಲಿ ನನ್ನನ್ನು ಹುಡುಕುತ್ತಿದ್ದ.

ನಾವು ನಿಧಾನವಾಗಿ, ನಿಯಮದ ಪ್ರಕಾರ ಮೇಲೆ ಬಂದೆವು. ಬೋಟ್ ಬಂತು. ಅಣ್ಣನನ್ನು ಇಬ್ಬರು ಹಿಡಿದು ಕೂರಿಸಿದ್ದರು. ಮೂಗಿನಿಂದ ರಕ್ತ, ಮೇಲಿಂದ ಮೇಲೆ ವಾಂತಿ. ನನ್ನನ್ನು ನೋಡಿ "ಬಂದ್ಯಾ?" ಎಂದ.

"ಅಣ್ಣ, ನನಗೆ ಎಂತ ಆಗ್ಲಿಲ್ಲ. ನೀನು ಯಾಕೆ ಹಾರಿದ್ದು?"

ಅವನು ನನ್ನ ಬಾಯಿಯನ್ನೇ ನೋಡಿದ. ಮಾತು ಕೇಳಿಸಿದ ಹಾಗೆ ಕಾಣಲಿಲ್ಲ. ನಾನು ಮತ್ತೆ ಹೇಳಿದೆ, ಜೋರಾಗಿ ಹೇಳಿದೆ. ಅವನು ತಲೆ ಅಲ್ಲಾಡಿಸಿ ಕಣ್ಣು ಮುಚ್ಚಿಕೊಂಡ.

ಪುತ್ತೂರಿನ ಡಾಕ್ಟರು, "ಎಂತ ಮಾಡಿದ್ರಿ ಮಾರಾಯ್ರೆ" ಎಂದರು. ಆ ಮಾತೂ ಅವನಿಗೆ ಕೇಳಲಿಲ್ಲ. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಒಡೆದ ಎಡಕಿವಿ ಸ್ವಲ್ಪ ಮಾತ್ರ ಕೇಳತೊಡಗಿತು. ಕಿವಿಗೆ ಯಂತ್ರ ಹಾಕಿಕೊಂಡರೆ ಎಲ್ಲರ ಸ್ವರವೂ ಕೊಡಪಾನದೊಳಗಿಂದ ಬಂದ ಹಾಗೆ ಅಂತೆ. ನಡೆಯುವಾಗ ಒಂದು ಬದಿಗೆ ವಾಲುತ್ತಾನೆ.

ಎಲ್ಲ ಮುಗಿದ ಮೇಲೆ ಒಮ್ಮೆ ಅವನೇ ಮಾತು ತೆಗೆದ. "ಬಿಟ್ಟುಬಿಡು ಅಂತ ಹೇಳಿಕೊಟ್ಟದ್ದು ನಾನೇ. ಆಗ ಅದು ನೆನಪೇ ಆಗ್ಲಿಲ್ಲ ನೋಡು." ನಾನು ಬಿಟ್ಟದ್ದು ಸರಿಯೇ. ಆದರೆ ನನ್ನ ಸಂಕಟಕ್ಕೆ ಆ ಸರಿಯಿಂದ ಯಾವ ಉಪಕಾರವೂ ಇಲ್ಲ. ಬಲೂನು ಒಂದೇ ಮೇಲೆ ಬಂದರೆ ಹೆದರಬೇಡ ಎಂದು ಹೊಂಡದ ದಂಡೆಯಲ್ಲಿ ನಾವಿಬ್ಬರೂ ಒಂದು ಮಾತು ಆಡಿಕೊಂಡಿದ್ದರೆ ಸಾಕಿತ್ತು.

ಅಂಗಡಿ ನಡೆಯುತ್ತಿದೆ. ಗಿರಾಕಿಗಳು ಕಿರುಚಿ ಮಾತಾಡುತ್ತಾರೆ. ನಾಲ್ಕು ಜನ ಸೇರಿ ನಕ್ಕರೆ ಅಣ್ಣನೂ ನಗುತ್ತಾನೆ, ಸ್ವಲ್ಪ ತಡವಾಗಿ. ಸಂಜೆಯ ಫೋನ್ ನಿಂತಿದೆ. "ಊಟ ಆಯ್ತಾ" ಎಂದು ಮೆಸೇಜ್ ಬರುತ್ತದೆ, "ಆಯ್ತು" ಎಂದು ಕಳಿಸುತ್ತೇನೆ. ನಾನು ಮತ್ತೆ ಸಮುದ್ರಕ್ಕೆ ಇಳಿದಿಲ್ಲ.

ಕಳೆದ ವರ್ಷ ಒಂದು ಭಾನುವಾರ ಅಂಗಡಿಯ ಬೆಂಚಿನಲ್ಲಿ ಅವನ ಎಡಕ್ಕೆ ಕೂತು, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ಅಣ್ಣ, ಅಷ್ಟು ವರ್ಷದ ಮೇಲೆ ಮುಳುಗಿದ್ಯಲ್ಲ, ಕೆಳಗೆ ಎಂತ ಕಂಡಿತು ನಿನಗೆ?"

ಅವನು ನನ್ನ ಬಾಯಿಯನ್ನೇ ನೋಡಿ, "ಇಲ್ಲ ಇಲ್ಲ, ಈ ವರ್ಷ ಬಾವಿಯಲ್ಲಿ ನೀರು ಉಂಟು" ಎಂದ.

ಲಾರಿಯೊಂದು ಮಡಿಕೇರಿ ಕಡೆಗೆ ಹೋಯಿತು. ನಾನು ಪ್ರಶ್ನೆಯನ್ನು ಮತ್ತೊಮ್ಮೆ ಕೇಳಲಿಲ್ಲ. "ಒಳ್ಳೇದಾಯ್ತು" ಎಂದೆ.