ಏಕಾದಶಿ ಮಾಡುವ ನಾಯಿ

ಬಾಗಲಕೋಟೆಯ ನವನಗರದಲ್ಲಿರುವ ನನ್ನ ಅಣ್ಣ ನಿವೃತ್ತನಾದ ಮೇಲೆ ಒಂದು ಪಗ್ ನಾಯಿ ತಂದ. ಮೂಗೇ ಇಲ್ಲವೇನೋ ಎನ್ನುವಂತಹ ಚಪ್ಪಟೆ ಮುಖ, ಉಬ್ಬಿದ ಕಣ್ಣು, ಮಡಿಕೆ ಬಿದ್ದ ಹಣೆ. ಓಣಿಯ ನಾಯಿಗೆ ಅವನು ಒಂದು ತುಂಡು ರೊಟ್ಟಿ ಹಾಕಿದ್ದನ್ನು ನಾನು ಕಂಡಿಲ್ಲ; ಗೇಟಿನ ಹತ್ತಿರ ಬಂದರೆ ಬಡಿಗೆ ಹುಡುಕುತ್ತಿದ್ದ. ಆದರೆ ಬೀಗರ ಮನೆಯ ಸೋಫಾದ ಮೇಲೆ ಒಂದು ಪಗ್ ಕೂತಿತ್ತು. ಅವನಿಗೆ ಅಷ್ಟು ಸಾಕಾಯಿತು.

ತಂದ ದಿನವೇ ಕಾನೂನು ಹೊರಟಿತು. "ನಮ್ಮ ಮನ್ಯಾಗಿದ್ದ ಮ್ಯಾಲೆ ನಮ್ಮ ಪದ್ಧತಿ ಪ್ರಕಾರನ ಇರಬೇಕು. ತತ್ತಿ ಪತ್ತಿ ಏನೂ ನಡಿಯೂದಿಲ್ಲ."

ಹೀಗಾಗಿ ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ತುಪ್ಪದ ಚಪಾತಿ, ಮಧ್ಯಾಹ್ನ ಸಾರನ್ನ, ಸಂಜೆ ಬಂದವರಿಗೆ ಕೊಡುವ ಲಾಡು, ಹಬ್ಬವಿದ್ದರೆ ಹೋಳಿಗೆ. ಅತ್ತಿಗೆ ಮಾಡಿ ಹಾಕುತ್ತಿದ್ದರು, ಅಣ್ಣ ಪಕ್ಕದಲ್ಲಿ ನಿಂತು ಭಾಷಣ ಮಾಡುತ್ತಿದ್ದ. ಬಂದವರಿಗೆಲ್ಲ ಹೇಳುತ್ತಿದ್ದ ಮಾತು ಒಂದೇ: "ಏಕಾದಶಿ ದಿನ ಅವಾ ತಾನಾಗೇ ಉಣ್ಣೂದಿಲ್ಲ. ಪೂರ್ವಜನ್ಮದ ಸಂಸ್ಕಾರ ಅದು." ತಟ್ಟೆಯಲ್ಲಿ ಏನನ್ನೂ ಹಾಕದಿದ್ದರೆ ಯಾವ ನಾಯಿಯಾದರೂ ಏಕಾದಶಿ ಮಾಡುತ್ತದೆ ಎಂದು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಾಯಿ ಊದಿಕೊಂಡಿತು. ಕುತ್ತಿಗೆ ಎಲ್ಲಿ ಮುಗಿದು ಹೊಟ್ಟೆ ಎಲ್ಲಿ ಶುರುವಾಗುತ್ತದೆಂದು ತಿಳಿಯದಂತಾಯಿತು. ಗೇಟು ತೆರೆಯುವ ಮೊದಲೇ ಅದರ ಗೊರಗೊರ ಉಸಿರು ಕೇಳಿಸುತ್ತಿತ್ತು. ಅದನ್ನು ಅಣ್ಣ ಓಂಕಾರ ಎನ್ನುತ್ತಿದ್ದ.

ಹೋದ ಬೇಸಿಗೆಯಲ್ಲಿ ಗಂಡಹೆಂಡತಿ ಕಾಶಿಗೆ ಹೊರಟರು. ಅಲ್ಲಿಂದ ಪುಣೆಯ ಮಗಳ ಮನೆಗೆ ಹೋಗಿ ಕೆಲವು ವಾರ ಇರುವವರಿದ್ದರು. ನಾನು ಹುನಗುಂದದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಇರುವುದು ಇಳಕಲ್ಲಿನಲ್ಲಿ, ಒಬ್ಬಳೇ. ಒಬ್ಬಳೇ ಇರುವ ತಂಗಿಗೆ ಬೇರೆ ಕೆಲಸವೇನು? ರಜೆ ಶುರುವಾದ ಕೂಡಲೇ ಅಣ್ಣ ಕಾರಿನಲ್ಲಿ ನಾಯಿಯನ್ನೂ, ಒಂದು ತುಪ್ಪದ ಡಬ್ಬಿಯನ್ನೂ, ಲಾಡಿನ ಚೀಲವನ್ನೂ ತಂದಿಳಿಸಿದ. "ದಿನಾ ಒಂದು ಲಾಡು ಕೊಡು. ಇಲ್ಲಾಂದ್ರ ಸಿಟ್ಟಿಗೇಳ್ತಾನ," ಎಂದ. ಬಿಸಿಲು ಏರುವ ಮೊದಲೇ ಹೊರಟುಹೋದ.

ಮರುದಿನ ಮಧ್ಯಾಹ್ನ ನಾಯಿ ನೆಲಕ್ಕೆ ಹೊಟ್ಟೆಯೂರಿ ಮಲಗಿ ಏದುಸಿರು ಬಿಡತೊಡಗಿತು. ನಾಲಿಗೆ ನೀಲಿಗೆ ತಿರುಗಿತ್ತು. ಒದ್ದೆ ಟವೆಲ್ ಹೊದಿಸಿ ಆಟೋದಲ್ಲಿ ದನದ ದವಾಖಾನೆಗೆ ಒಯ್ದೆ. ಡಾಕ್ಟರು ಅದನ್ನು ತಣ್ಣಗೆ ಮಾಡಿ, ಸೂಜಿ ಹಾಕಿ, ಆಮೇಲೆ ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಹೇಳಿದೆ.

"ಅಕ್ಕಾರ, ಈ ಮುಖದ ನಾಯಿಗೆ ಉಸಿರಾಡೂದ ಕಷ್ಟ ಐತಿ. ಅದರ ಮ್ಯಾಲೆ ಇಷ್ಟು ಕೊಬ್ಬು ಹೇರಿದ್ರ ಹೆಂಗ ಬದುಕಬೇಕ್ರಿ?"

ತುಪ್ಪ, ಸಿಹಿ, ಹಾಲು ಎಲ್ಲ ಬಂದ್. ಉಪ್ಪಿಲ್ಲದೆ ಬೇಯಿಸಿದ ಕೋಳಿ ಅಥವಾ ತತ್ತಿ, ಸ್ವಲ್ಪ ಅನ್ನ, ಸೋರೆಕಾಯಿ, ಕ್ಯಾರೆಟ್, ಜೊತೆಗೆ ಅವರು ಬರೆದುಕೊಟ್ಟ ಪುಡಿ. ಬಿಸಿಲಿಲ್ಲದ ಹೊತ್ತಿನಲ್ಲಿ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ ಎಂದರು. ಅಣ್ಣನ ಮಡಿಯಿಂದ ಆ ಪ್ರಾಣಿಗೆ ಆದ ಉಪಕಾರ ಅದೊಂದೇ; ಅವೆರಡೂ ಆ ಮನೆಯ ಹೊಸ್ತಿಲು ದಾಟಿರಲಿಲ್ಲ.

ನಾನೂ ಮಾಂಸ ತಿನ್ನುವವಳಲ್ಲ. ಆದರೆ ತತ್ತಿ ಕುದಿಸಿದರೆ ಕೈ ಉದುರಿಹೋಗುವುದಿಲ್ಲ. ಕೋಳಿಯನ್ನು ಎದುರು ಮನೆಯ ಗೆಳತಿ ವಹಿಸಿಕೊಂಡಳು. ನಮ್ಮ ಕಾಲೇಜಿನಲ್ಲೇ ಉರ್ದು ಕಲಿಸುತ್ತಾಳೆ. "ನಿಮ್ಮ ಪಾತ್ರಿ ಪಡಗ ಯಾಕ ಬೇಕು ಅಕ್ಕಾ, ನಮ್ಮ ಮನ್ಯಾಗ ಹೆಂಗೂ ತರ್ತೇವಿ. ನಾಯಿದು ಬ್ಯಾರೆ ತಗದು ಕುದಿಸಿ ಕೊಡ್ತೇನಿ," ಎಂದಳು.

ನಾಯಿ ಮೊದಲು ಮುಖ ತಿರುಗಿಸಿತು. ತುಪ್ಪದ ಡಬ್ಬಿ ಇದ್ದ ಕಪಾಟಿನ ಕೆಳಗೆ ಹೋಗಿ ಕೂತಿತು. ಆ ತುಪ್ಪವನ್ನು ನಾನೇ ರೊಟ್ಟಿಗೆ ಹಚ್ಚಿಕೊಂಡು ತಿಂದು ಮುಗಿಸಿದೆ. ಅಣ್ಣ ಕಳಿಸಿದ್ದ ಬಟ್ಟಲು ಬೇರೆ, ಬಾವಿಯಂತೆ ಆಳ. ಚಪ್ಪಟೆ ಮುಖದ ಪ್ರಾಣಿ ಅದರಲ್ಲಿ ತಲೆ ಹಾಕಿದರೆ ಅನ್ನವೆಲ್ಲ ಮೂಗಿಗೆ ಮೆತ್ತಿ ಸೀನು ಬರುತ್ತಿತ್ತು. ಬಟ್ಟಲು ಎತ್ತಿಟ್ಟು ನನ್ನ ಊಟದ ತಾಟಿನಲ್ಲಿ ಹಾಕಿದೆ. ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ, ಸೋರೆಕಾಯಿಯ ಜೊತೆ ಕಿವುಚಿ, ತೆಳ್ಳಗೆ ಹರವಿಟ್ಟೆ. ನೆಕ್ಕಿತು. ಆಮೇಲೆ ತಾಟನ್ನು ಗೋಡೆಯವರೆಗೂ ತಳ್ಳಿಕೊಂಡು ಹೋಗಿ ತಿಂದಿತು. ತಿಂದ ಮೇಲೆ ಮುಖದ ಮಡಿಕೆಗಳನ್ನು ಒರೆಸುವಾಗ ಕಣ್ಣು ಮುಚ್ಚಿ ನಿಂತಿತು. ಆ ನಾಯಿಯ ಮೇಲೆ ನನಗೆ ಮೊದಲ ಸಲ ಮರುಕ ಹುಟ್ಟಿದ್ದು ಆಗ.

ಅಣ್ಣ ವಿಡಿಯೋ ಕಾಲ್ ಮಾಡಿದಾಗ ಮುಖವನ್ನಷ್ಟೇ ತೋರಿಸುತ್ತಿದ್ದೆ. ಮುಖ ಇಳಿಯುವಂಥದ್ದಲ್ಲವಲ್ಲ.

ಅವರು ಪುಣೆಯಿಂದ ಮರಳುವ ಹೊತ್ತಿಗೆ ನಾಯಿಗೆ ಸೊಂಟ ಬಂದಿತ್ತು. ಸಂಜೆ ಓಣಿಯ ಕೊನೆಯವರೆಗೂ ನಡೆದು ಬರುತ್ತಿತ್ತು. ಅಣ್ಣ ಬಾಗಿಲಲ್ಲೇ ನಿಂತ.

"ಏನ್ ಹಾಕಿದಿ ಇವಗ? ಪೂರಾ ಸೊರಗ್ಯಾನಲ್ಲ."

"ತತ್ತಿ. ಮತ್ತ ಕೋಳಿ," ಎಂದೆ.

ಓಡಿ ಬಂದ ನಾಯಿಯಿಂದ ಅವನು ಕಾಲು ಹಿಂದಕ್ಕೆಳೆದುಕೊಂಡ. ದವಾಖಾನೆಯ ಕಥೆ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಚೀಲದಿಂದ ಗಂಗಾಜಲದ ಗಿಂಡಿ ತೆಗೆಸಿ ಅದರ ತಲೆಯ ಮೇಲೆ ಚಿಮುಕಿಸಿದ. ನಾಯಿ ಮೈ ಕೊಡವಿ ಆ ನೀರನ್ನೆಲ್ಲ ಅವನ ಧೋತರಕ್ಕೇ ಸಿಡಿಸಿತು. ಇಷ್ಟು ವರ್ಷ ಕಚೇರಿಯಲ್ಲಿ ದುಡಿದು ನಾಲ್ಕು ಜನಕ್ಕೆ ಬುದ್ಧಿ ಹೇಳುವ ಮನುಷ್ಯ ಒಂದು ಪಗ್ಗಿಗೆ ಪ್ರಾಯಶ್ಚಿತ್ತ ಮಾಡಿಸುವುದನ್ನು ನಾನು ಗೋಡೆಗೆ ಒರಗಿ ನೋಡಿದೆ.

ಅವನು ಕಾರಿನಲ್ಲಿ ಕೂತ ಮೇಲೆ ಅತ್ತಿಗೆ ನೀರಿನ ಬಾಟಲಿ ಮರೆತೆನೆಂದು ಒಳಗೆ ಬಂದರು. ಬಾಟಲಿ ಅವರ ಕೈಯಲ್ಲೇ ಇತ್ತು.

"ತತ್ತಿ ಎಷ್ಟೊತ್ತು ಕುದಸಬೇಕು?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ಹೇಳಿದೆ. ಸಿಪ್ಪೆ ಸುಲಿಯುವುದು ಹೇಗೆಂದೂ ಹೇಳಿದೆ. ಹುಟ್ಟಿದಾಗಿನಿಂದ ಅವರು ಅದನ್ನು ಕೈಯಲ್ಲಿ ಹಿಡಿದವರಲ್ಲ. ಅಣ್ಣ ಸಂಜೆ ಪ್ರವಚನಕ್ಕೆ ಹೋದಾಗ ಹಿತ್ತಲಲ್ಲಿ ಹಳೆಯ ವಿದ್ಯುತ್ ಕೆಟಲ್ ಇಟ್ಟುಕೊಂಡು ಕುದಿಸುತ್ತಾರೆಂದು ಆಮೇಲೆ ಫೋನಿನಲ್ಲಿ ತಿಳಿಯಿತು. ಲಾಡು ಕೊಡುವುದನ್ನೂ ನಿಲ್ಲಿಸಿದ್ದರು. ಅಣ್ಣನಿಗೆ ಏನು ನೆಪ ಹೇಳಿದರೋ ನಾನು ಕೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಬಾದಾಮಿಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಅಣ್ಣನ ಪಕ್ಕದಲ್ಲಿ ಕೂತಿದ್ದ ನೆಂಟರೂ ಹೊಸದಾಗಿ ಪಗ್ ತಂದಿದ್ದರು. ಅಣ್ಣ ಮೊಬೈಲಿನಲ್ಲಿ ತನ್ನ ನಾಯಿಯ ಫೋಟೋ ತೋರಿಸುತ್ತಿದ್ದ.

"ಮೈ ಹೆಂಗ ಮಿಂಚಲಿಕತ್ತದ ನೋಡ್ರಿ. ಶುದ್ಧ ಶಾಕಾಹಾರ. ನಡುವ ನನ್ನ ತಂಗಿ ಏನೇನೋ ಹಾಕಿ ಕೆಡಿಸಿದ್ಲು, ನಾ ಮತ್ತ ಹಾದಿಗೆ ತಂದೆ."

ನನ್ನ ಬಾಯಿಗೆ ಮಾತು ಬಂದಿತ್ತು. ಎದುರು ಸಾಲಿನಿಂದ ಅತ್ತಿಗೆ ನನ್ನತ್ತ ನೋಡಿ ತಲೆಯನ್ನು ತುಸುವೇ ಅಡ್ಡ ಆಡಿಸಿದರು. ನಾನು ಸುಮ್ಮನೆ ಅನ್ನ ಕಲಸಿದೆ. ಮಾತು ನುಂಗಿದ್ದು ಅವನಿಗಾಗಿ ಅಲ್ಲ.

ಊಟವಾದ ಮೇಲೆ ಕೈ ತೊಳೆಯುವಲ್ಲಿ ಆ ನೆಂಟರ ಹೆಂಡತಿ ಅತ್ತಿಗೆಯನ್ನು ಹಿಡಿದು ನಿಲ್ಲಿಸಿ ಏನೋ ಕೇಳುತ್ತಿದ್ದರು. ಅತ್ತಿಗೆ ಸುತ್ತ ಒಮ್ಮೆ ನೋಡಿ, ಅವರ ಕೈ ಹಿಡಿದು ಕಂಬದ ಮರೆಗೆ ಕರೆದೊಯ್ದರು. ಅತ್ತಿಗೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಣ್ಣ ಇನ್ನೂ ಎಲೆಯ ಮುಂದೆಯೇ ಕೂತಿದ್ದ, ಸಿಕ್ಕವರಿಗೆ ಫೋಟೋ ತೋರಿಸುತ್ತ.